ಅಪ್ಪ ಕುಡಿಯುತ್ತಿದ್ದರೆ ಮಕ್ಕಳಿಗೂ ಕುಡಿತ ಬರುತ್ತದಾ?

ಮನೆಯಲ್ಲಿ ಒಬ್ಬರು ಕುಡಿತಕ್ಕೆ ಸಿಕ್ಕಿಬಿದ್ದರೆ ಸುತ್ತಮುತ್ತಲಿನವರ ಬಾಯಲ್ಲಿ ಎರಡು ಮಾತು ತಯಾರಾಗಿರುತ್ತವೆ. ಒಂದು, "ಅವರಪ್ಪನೂ ಹಾಗೇ ಇದ್ದ, ರಕ್ತದಲ್ಲೇ ಬಂದಿದೆ". ಇನ್ನೊಂದು, "ಸಹವಾಸ ಸರಿ ಇರಲಿಲ್ಲ, ಸಹವಾಸದಿಂದ ಸನ್ಯಾಸಿಯೇ ಕೆಟ್ಟನಂತೆ". ಎರಡರಲ್ಲೂ ಅರ್ಧ ನಿಜ ಇದೆ. ಆದರೆ ಮೊದಲನೆಯದನ್ನು ಕೈಚೆಲ್ಲುವುದಕ್ಕೆ ಹೇಳುತ್ತಾರೆ, ಎರಡನೆಯದನ್ನು ತಪ್ಪು ಹೊರಿಸುವುದಕ್ಕೆ. ಇವೆರಡರ ನಡುವೆ ಸಿಕ್ಕಿಕೊಂಡು ಒದ್ದಾಡುವವರು ಆ ಮನೆಯ ಮಕ್ಕಳು. ದೊಡ್ಡವರಾಗುತ್ತಿದ್ದಂತೆ ಅವರ ತಲೆಯಲ್ಲಿ ಒಂದೇ ಪ್ರಶ್ನೆ ಓಡುತ್ತಿರುತ್ತದೆ, ಬಾಯಿಬಿಟ್ಟು ಯಾರನ್ನೂ ಕೇಳಲಾಗದ ಪ್ರಶ್ನೆ: ನನಗೂ ಹೀಗೇ ಆಗುತ್ತಾ?

ನೇರವಾಗಿ ಹೇಳಿಬಿಡುತ್ತೇನೆ. ಕುಡಿತದ ಚಟ ವಂಶದಲ್ಲಿ ಹರಿದು ಬರುವುದಿಲ್ಲ. ಚಟಕ್ಕೆ ಬೇಗ ಸಿಕ್ಕಿಬೀಳುವ ಗುಣ ಬರುತ್ತದೆ. ಅದೂ ಒಂದೇ ತಂದೆ ತಾಯಿಯ ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಮದ್ಯ ಯಾವ ವಯಸ್ಸಿನಲ್ಲಿ ಕೈಗೆ ಸಿಕ್ಕಿತು, ಯಾರ ಜೊತೆ ಸಿಕ್ಕಿತು, ಮನಸ್ಸಿಗೆ ಎಂಥ ಪೆಟ್ಟು ಬಿದ್ದಿದ್ದಾಗ ಸಿಕ್ಕಿತು ಅನ್ನುವುದರ ಮೇಲೆ ಆ ಗುಣ ಮಲಗಿಯೇ ಇರಬಹುದು, ಎದ್ದು ಕೂರಲೂಬಹುದು. ಹಾಗಾಗಿ ವಂಶ ಗೆದ್ದಿತಾ ಪರಿಸರ ಗೆದ್ದಿತಾ ಎಂದು ಕೇಳುತ್ತಾ ಕೂತರೆ ಯಾರಿಗೂ ಉಪಯೋಗವಿಲ್ಲ. ಯಾವ ಜೀನ್ ಎಂಥ ಪರಿಸರದಲ್ಲಿ ಏನು ಮಾಡುತ್ತದೆ ಅನ್ನುವುದನ್ನು ನೋಡಬೇಕು.

ಚಟ ಅಂದರೆ ಸುಮ್ನೆ ಜಾಸ್ತಿ ಕುಡಿಯುವುದು ಎಂದಷ್ಟೇ ಅಲ್ಲ. ಕುಡಿಯಬೇಕೆಂಬ ತಡೆಯಲಾಗದ ಆಸೆ, ಶುರುಮಾಡಿದ ಮೇಲೆ ನಿಲ್ಲಿಸಲಾಗದಿರುವುದು, ದಿನದಿಂದ ದಿನಕ್ಕೆ ಪ್ರಮಾಣ ಏರುವುದು, ಬಿಟ್ಟರೆ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು, ಆರೋಗ್ಯ ಸಂಸಾರ ಕೆಲಸ ಎಲ್ಲ ಹಾಳಾಗುತ್ತಿದ್ದರೂ ಮುಂದುವರಿಸುವುದು. ಇವುಗಳಲ್ಲಿ ಕೆಲವಾದರೂ ಒಟ್ಟಿಗೆ ಬಂದಾಗ ವೈದ್ಯರು ಅದನ್ನು ಕಾಯಿಲೆ ಎಂದು ಗುರುತಿಸುತ್ತಾರೆ.

ಈಗ ಮೊದಲ ತೊಡಕು. ಕುಡುಕರ ಮಕ್ಕಳಲ್ಲಿ ಕುಡಿತ ಜಾಸ್ತಿ ಅನ್ನುವುದು ಹಳೆಯ ಕಾಲದಿಂದ ಎಲ್ಲರಿಗೂ ಗೊತ್ತು. ಆದರೆ ಇದೊಂದರಿಂದಲೇ ವಂಶದ ಪಾತ್ರ ಸಾಬೀತಾಗುವುದಿಲ್ಲ. ಯಾಕೆಂದರೆ ಅಪ್ಪ ಮಗನಿಗೆ ಜೀನ್ ಮಾತ್ರ ಕೊಡಲಿಲ್ಲ, ಮನೆಯನ್ನೂ ಕೊಟ್ಟ. ಆ ಮನೆಯಲ್ಲಿ ಬಾಟಲಿ ಕಣ್ಣೆದುರೇ ಇತ್ತು, ಜಗಳ ಇತ್ತು, ಹೊಡೆತ ಇತ್ತು, ಬೇಸರವಾದರೆ ಕುಡಿಯಬೇಕು ಅನ್ನುವ ಪಾಠ ದಿನಾ ನಡೆಯುತ್ತಿತ್ತು. ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ಅದಕ್ಕೆ ದಾರಿ ಸಿಕ್ಕಿದ್ದು ದತ್ತು ಹೋದ ಮಕ್ಕಳಿಂದ. ಡೆನ್ಮಾರ್ಕ್‌ನಲ್ಲಿ ದತ್ತು ದಾಖಲೆಗಳನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದರು. ಡೊನಾಲ್ಡ್ ಗುಡ್‌ವಿನ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರರು ಆ ದಾಖಲೆ ಹಿಡಿದು, ಹುಟ್ಟಿದ ಕೆಲವೇ ವಾರಗಳಲ್ಲಿ ಹೆತ್ತವರಿಂದ ದೂರವಾಗಿ ಬೇರೆ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ಹುಡುಕಿದರು. 1973ರಲ್ಲಿ ಫಲಿತಾಂಶ ಬಂತು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಕಾಯಿಲೆ ಇದ್ದ 55 ಜನರಲ್ಲಿ ಶೇ. 18ರಷ್ಟು ಮಂದಿ ತಾವೂ ಮದ್ಯವ್ಯಸನಿಗಳಾಗಿದ್ದರು. ಅಂಥ ಹಿನ್ನೆಲೆ ಇಲ್ಲದೆ ದತ್ತು ಹೋದ 78 ಜನರಲ್ಲಿ ಅದು ಶೇ. 5 ಮಾತ್ರ. ಹೆತ್ತ ಅಪ್ಪನ ಮುಖವನ್ನೇ ನೋಡದ ಮಕ್ಕಳು ಇವರು. ಆದರೂ ಅಪಾಯ ಮೂರೂವರೆ ಪಟ್ಟು ಜಾಸ್ತಿ.

ಇದನ್ನು ಓದಿದ ಕೂಡಲೇ "ನೋಡಿ, ರಕ್ತದಲ್ಲೇ ಇದೆ ಅಂತ ಹೇಳಿದ್ವಲ್ಲ" ಅನ್ನುವವರಿದ್ದಾರೆ. ಅದೇ ಅಂಕಿಯನ್ನು ಸ್ವಲ್ಪ ತಿರುಗಿಸಿ ಓದಿ. ಅಪಾಯದ ಜೀನ್ ಹೊತ್ತು ಬಂದಿರಬಹುದಾದ ಆ ಗುಂಪಿನಲ್ಲೂ ಶೇ. 82ರಷ್ಟು ಮಂದಿ ಅಧ್ಯಯನದ ಹೊತ್ತಿಗೆ ವ್ಯಸನಿಗಳಾಗಿರಲಿಲ್ಲ. ಈ ಎರಡನೇ ಅಂಕಿ ಯಾರಿಗೂ ನೆನಪಿರುವುದಿಲ್ಲ. ಕುಡಿತದ ಮನೆಯಲ್ಲಿ ಹುಟ್ಟಿದ ಮಗುವಿಗೆ ಮೊದಲು ಗೊತ್ತಾಗಬೇಕಾದದ್ದು ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕುಡಿತದ ಕಾಯಿಲೆ ಇರುವವರ ಮಕ್ಕಳಲ್ಲಿ ಹೆಚ್ಚಿನವರು ಆ ಕಾಯಿಲೆಗೆ ಬೀಳುವುದಿಲ್ಲ.

ಗುಡ್‌ವಿನ್ ಅಧ್ಯಯನದ ಗುಂಪು ಚಿಕ್ಕದು. ಆಮೇಲೆ ಸ್ವೀಡನ್‌ನಲ್ಲಿ ಸುಮಾರು 18 ಸಾವಿರ ದತ್ತು ಮಕ್ಕಳ ದಾಖಲೆ ಹಿಡಿದು ನೋಡಿದಾಗ, 2015ರಲ್ಲಿ, ಚಿತ್ರ ಇನ್ನೂ ಸ್ಪಷ್ಟವಾಯಿತು. ಹೆತ್ತವರ ಕುಡಿತ ಮಕ್ಕಳ ಅಪಾಯವನ್ನು ಏರಿಸುತ್ತದೆ. ಸಾಕಿದವರ ಕುಡಿತವೂ ಏರಿಸುತ್ತದೆ. ಎರಡಕ್ಕೂ ಅದರದರ ಪಾಲು ಇದೆ.

ಇನ್ನೊಂದು ದಾರಿ ಅವಳಿ ಮಕ್ಕಳು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಬೇರೆ ಬೇರೆ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಹಂಚಿಕೆ, ಮಾಮೂಲಿ ಅಣ್ಣತಮ್ಮಂದಿರ ಹಾಗೆ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆಯುತ್ತಾರೆ. ಒಬ್ಬರಿಗೆ ಚಟ ಹತ್ತಿದಾಗ ಇನ್ನೊಬ್ಬರಿಗೂ ಹತ್ತುವುದು ತದ್ರೂಪಿಗಳಲ್ಲಿ ಜಾಸ್ತಿ ಕಂಡರೆ ಅದು ಜೀನ್‌ನ ಸುಳಿವು. ಹಾಗೇ ಕಂಡಿದೆ. ಅವಳಿ ಮತ್ತು ದತ್ತು ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದರೆ ವಂಶದ ಪಾಲು ಸುಮಾರು ಶೇ. 50 ಎಂದು ಬರುತ್ತದೆ. ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಈ ಶೇ. 50 ಅನ್ನುವ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದರಷ್ಟು ತಪ್ಪಾಗಿ ಅರ್ಥ ಮಾಡಿಕೊಂಡ ಅಂಕಿ ಇನ್ನೊಂದಿಲ್ಲ. ಅಪ್ಪ ಕುಡಿಯುತ್ತಿದ್ದರೆ ಮಗನಿಗೆ ಚಟ ಬರುವ ಸಾಧ್ಯತೆ ಶೇ. 50 ಎಂದು ಅದರ ಅರ್ಥವಲ್ಲ. ಒಬ್ಬ ಮನುಷ್ಯನ ಕುಡಿತದಲ್ಲಿ ಅರ್ಧ ಅಪ್ಪ ಕೊಟ್ಟದ್ದು, ಇನ್ನರ್ಧ ಸ್ನೇಹಿತರು ಕೊಟ್ಟದ್ದು ಎಂದೂ ಅಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಒಂದು ದೊಡ್ಡ ಜನಸಮೂಹವನ್ನು ತೆಗೆದುಕೊಂಡರೆ ಅಲ್ಲಿ ಕೆಲವರು ಚಟಕ್ಕೆ ಬೀಳುತ್ತಾರೆ, ಕೆಲವರು ಬೀಳುವುದಿಲ್ಲ ಅಲ್ವಾ? ಜನರ ನಡುವಿನ ಆ ವ್ಯತ್ಯಾಸದಲ್ಲಿ ಸುಮಾರು ಅರ್ಧವನ್ನು ಅವರ ಜೀನ್‌ಗಳ ವ್ಯತ್ಯಾಸದಿಂದ ವಿವರಿಸಬಹುದು, ಅಷ್ಟೇ ಅದರ ಅರ್ಥ.

ಅದಕ್ಕಿಂತ ಮುಖ್ಯವಾದದ್ದು, ಈ ಅಂಕಿ ಎಲ್ಲ ಕಾಲಕ್ಕೂ ಎಲ್ಲ ಜಾಗಕ್ಕೂ ಒಂದೇ ಆಗಿರುವುದಿಲ್ಲ. ಮದ್ಯವೇ ಸಿಗದ ಜಾಗವೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಎಂಥ ಅಪಾಯದ ಜೀನ್ ಇದ್ದವನೂ ವ್ಯಸನಿಯಾಗುವುದಿಲ್ಲ. ಅಲ್ಲಿ ವಂಶದ ಪಾಲು ಸೊನ್ನೆ. ಈಗ ಎಲ್ಲೆಂದರಲ್ಲಿ, ಎಲ್ಲರಿಗೂ, ಅಗ್ಗವಾಗಿ ಮದ್ಯ ಸಿಗುವ ಜಾಗ ನೆನೆಸಿಕೊಳ್ಳಿ. ಅಲ್ಲಿ ಕುಡಿಯುವ ಅವಕಾಶ ಎಲ್ಲರಿಗೂ ಒಂದೇ ಆಗಿರುವುದರಿಂದ, ಯಾರು ಬೀಳುತ್ತಾರೆ ಯಾರು ಉಳಿಯುತ್ತಾರೆ ಅನ್ನುವುದನ್ನು ಜೀನ್‌ಗಳೇ ಹೆಚ್ಚಾಗಿ ತೀರ್ಮಾನಿಸತೊಡಗುತ್ತವೆ. ಅದೇ ಜನ, ಅದೇ ಜೀನ್. ಪರಿಸರ ಬದಲಾದ ಕೂಡಲೇ ವಂಶದ ಪಾಲು ಬದಲಾಯಿತು.

ಇದು ಬರೀ ಊಹೆಯಲ್ಲ. ಫಿನ್‌ಲೆಂಡ್‌ನ ಹದಿಹರೆಯದ ಅವಳಿಗಳನ್ನು ನೋಡಿದಾಗ, ನಗರದಲ್ಲಿ ಬೆಳೆದವರ ಕುಡಿತದಲ್ಲಿ ಜೀನ್‌ನ ಪ್ರಭಾವ ಜಾಸ್ತಿ ಕಂಡಿತು, ಹಳ್ಳಿಯಲ್ಲಿ ಬೆಳೆದವರಲ್ಲಿ ಕಡಿಮೆ. ಎಲ್ಲರ ಕಣ್ಣೂ ಎಲ್ಲರ ಮೇಲಿರುವ ಕಡೆ ಮಕ್ಕಳಿಗೆ ತಮ್ಮ ಸ್ವಭಾವದಂತೆ ನಡೆಯುವ ಅವಕಾಶ ಕಡಿಮೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಆಸ್ಟ್ರೇಲಿಯಾದ ಅವಳಿ ಹೆಂಗಸರ ಬಗೆಗಿನ 1989ರ ಅಧ್ಯಯನದಲ್ಲೂ ಇಂಥದ್ದೇ ಕಂಡಿತು. ಮದುವೆಯಾಗಿದ್ದವರಲ್ಲಿ ಕುಡಿಯುವ ಪ್ರಮಾಣದ ಮೇಲೆ ಜೀನ್‌ನ ಹಿಡಿತ ಸಡಿಲವಾಗಿತ್ತು, ಆಗದವರಲ್ಲಿ ಬಿಗಿಯಾಗಿತ್ತು. ಮದುವೆ ಮಾಡಿಸಿದರೆ ಕುಡಿತ ಬಿಡುತ್ತಾನೆ ಎಂದು ಇದನ್ನು ದಯವಿಟ್ಟು ಓದಿಕೊಳ್ಳಬೇಡಿ. ಹಾಗೆ ಮಾಡಿ ಒಬ್ಬ ಹೆಣ್ಣುಮಗಳ ಬದುಕನ್ನೂ ಅದರೊಳಗೆ ನೂಕುವುದು ಪರಿಹಾರವಲ್ಲ.

ಹಾಗಾದರೆ ಯಾವುದು ಆ ಜೀನ್? 1990ರಲ್ಲಿ ಮೆದುಳಿನ ಡೋಪಮೈನ್ ಎಂಬ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಜೀನ್‌ನ ಹೆಸರು ಹೇಳಿ ಕುಡಿತದ ಜೀನ್ ಸಿಕ್ಕಿಯೇಬಿಟ್ಟಿತು ಎಂದು ದೊಡ್ಡ ಸುದ್ದಿಯಾಗಿತ್ತು. ಬೇರೆಯವರು ಪರೀಕ್ಷೆ ಮಾಡಿದಾಗ ಅಷ್ಟು ಬಲವಾದ ಸಂಬಂಧ ಕಾಣಲಿಲ್ಲ. ಅಂಥ ಒಂದೇ ಒಂದು ಜೀನ್ ಇಲ್ಲ. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ಮಾಡಿದ ಅಧ್ಯಯನದಲ್ಲಿ ಸಮಸ್ಯೆಯ ಕುಡಿತಕ್ಕೆ ನಂಟಿರುವ 110 ತಾಣಗಳು ನಮ್ಮ ಡಿಎನ್‌ಎಯಲ್ಲಿ ಸಿಕ್ಕಿದವು. ಒಂದೊಂದರ ಪ್ರಭಾವವೂ ಬಹಳ ಸಣ್ಣದು. ನೂರಾರು ಸಣ್ಣ ಸಣ್ಣ ತಳ್ಳುಗಳು ಸೇರಿ ಒಬ್ಬನನ್ನು ಅಂಚಿನ ಹತ್ತಿರ ತರುತ್ತವೆ, ಇನ್ನೊಬ್ಬನನ್ನು ದೂರ ಇಡುತ್ತವೆ. ಹಾಗಾಗಿ ಎಂಜಲು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ತನಗೆ ಚಟ ಹತ್ತುತ್ತದೋ ಇಲ್ಲವೋ ತಿಳಿಯುವ ಕಾಲ ಇನ್ನೂ ಬಂದಿಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಆದರೆ ಈ ನೂರಾರರ ನಡುವೆ ಒಂದೆರಡು ಮಾತ್ರ ನಿಜಕ್ಕೂ ಜೋರಾಗಿವೆ. ಅವು ಕೆಲಸ ಮಾಡುವುದು ಮುಖ್ಯವಾಗಿ ಲಿವರ್‌ನಲ್ಲಿ. ಕುಡಿದ ಮದ್ಯವನ್ನು ದೇಹ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಒಂದು ಕಿಣ್ವ (ಎನ್‌ಜೈಮ್) ಅದನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ವಿಷ. ಎರಡನೇ ಹಂತದಲ್ಲಿ ಇನ್ನೊಂದು ಕಿಣ್ವ ಆ ವಿಷವನ್ನು ನಿರಪಾಯವಾದ ಅಸಿಟೇಟ್ ಮಾಡುತ್ತದೆ. ಈ ಎರಡನೇ ಕಿಣ್ವವನ್ನು ತಯಾರಿಸುವ ಜೀನ್‌ನಲ್ಲಿ ಒಂದು ನಿರ್ದಿಷ್ಟ ಅಕ್ಷರ ಬದಲಾದರೆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ವಿಷ ಒಳಗೇ ಉಳಿಯುತ್ತದೆ. ಒಂದೆರಡು ಗುಟುಕಿಗೇ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಚೀನಾ, ಜಪಾನ್, ಕೊರಿಯಾ ಮೂಲದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಹೀಗಾಗುತ್ತದೆ. ಕುಡಿಯುವುದೇ ಹಿಂಸೆಯಾದ ಮೇಲೆ ಚಟ ಹತ್ತುವುದೆಲ್ಲಿಂದ? ಬದಲಾದ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಮದ್ಯವ್ಯಸನ ಅತಿ ಅಪರೂಪ. ಒಬ್ಬರಿಂದ ಬಂದಿದ್ದರೂ ರಕ್ಷಣೆ ಚೆನ್ನಾಗಿಯೇ ಇರುತ್ತದೆ. ಅಂದ ಹಾಗೆ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಕೆಲಸ ಮಾಡುವುದೂ ಹೀಗೆಯೇ. ಅದೇ ಎರಡನೇ ಕಿಣ್ವವನ್ನು ತಡೆದು, ಕುಡಿದರೆ ಇದೇ ಸಂಕಟ ಆಗುವಂತೆ ಮಾಡುತ್ತದೆ. ಹಾಗಾಗಿ ಅದನ್ನು ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡುವುದು ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿ, ಅವರು ಒಪ್ಪಿ ತೆಗೆದುಕೊಳ್ಳಬೇಕಾದ ಔಷಧಿ ಅದು.

ಇಷ್ಟು ಬಲವಾದ ಜೀನ್ ಇದ್ದ ಮೇಲೆ ಪರಿಸರಕ್ಕೆ ಅಲ್ಲಿ ಏನು ಕೆಲಸ ಅನ್ನಿಸಬಹುದು. ಜಪಾನ್‌ನಲ್ಲಿ ಏನಾಯಿತು ನೋಡಿ. ಅಲ್ಲಿನ ಮದ್ಯವ್ಯಸನಿಗಳಲ್ಲಿ ಈ ರಕ್ಷಣೆಯ ಜೀನ್ ಒಂದು ಪ್ರತಿ ಇದ್ದವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದಾಗ, 1979ರಲ್ಲಿ ಶೇ. 2.5 ಇದ್ದದ್ದು 1986ಕ್ಕೆ ಶೇ. 8 ಆಯಿತು. 1992ಕ್ಕೆ ಶೇ. 13. ಹದಿಮೂರು ವರ್ಷದಲ್ಲಿ ಒಂದು ಜನಾಂಗದ ಜೀನ್‌ಗಳು ಬದಲಾಗುವುದಿಲ್ಲ. ಬದಲಾದದ್ದು ಸುತ್ತಲಿನ ಸಮಾಜ. ಕೆಲಸ ಮುಗಿದ ಮೇಲೆ ಎಲ್ಲರೂ ಸೇರಿ ಕುಡಿಯುವುದು, ಬೇಡ ಎನ್ನಲಾಗದ ಒತ್ತಡ, ಇವೆಲ್ಲ ಸೇರಿ ಮೈಯೇ ಬೇಡ ಎನ್ನುತ್ತಿದ್ದವರನ್ನೂ ಕುಡಿತಕ್ಕೆ ಎಳೆದವು. ಇಂಥವರು ಮೈಯ ಮಾತು ಮೀರಿ ಕುಡಿದರೆ ಅನ್ನನಾಳದ ಕ್ಯಾನ್ಸರ್‌ನ ಅಪಾಯವೂ ಬೇರೆಯವರಿಗಿಂತ ಬಹಳ ಜಾಸ್ತಿ. ಮದ್ಯದ ವಿಷಯದಲ್ಲಿ ನಮಗೆ ಗೊತ್ತಿರುವ ಅತಿ ಬಲವಾದ ಜೀನ್ ಕೂಡ ಪರಿಸರದ ಎದುರು ಹೀಗೆ ಹಿಂದೆ ಸರಿಯುತ್ತದೆ ಎಂದಾದರೆ, ಉಳಿದ ಸಣ್ಣಪುಟ್ಟ ಜೀನ್‌ಗಳನ್ನು ಹಣೆಬರಹ ಎಂದು ಕರೆಯುವುದಕ್ಕೆ ಯಾವ ಆಧಾರವೂ ಇಲ್ಲ.

ಇದಕ್ಕೆ ತಿರುಗಾಮುರುಗಾ ಆದ ಇನ್ನೊಂದು ಗುಣ ಇದೆ. ಇದರ ಬಗ್ಗೆ ಜನರಿಗೆ ಗೊತ್ತಿರುವುದು ಬಹಳ ಕಡಿಮೆ. ಕೆಲವರು ಎಷ್ಟು ಕುಡಿದರೂ ತೂರಾಡುವುದಿಲ್ಲ, ಮಾತು ತೊದಲುವುದಿಲ್ಲ. "ಅವನಿಗೆ ಒಳ್ಳೇ ಕೆಪಾಸಿಟಿ" ಎಂದು ಜೊತೆಯವರು ಮೆಚ್ಚಿಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಇಂಥವರನ್ನೇ ಗಮನವಿಟ್ಟು ನೋಡಿದರು. ಇಪ್ಪತ್ತರ ಆಸುಪಾಸಿನ ಯುವಕರಿಗೆ ಅಳತೆ ಮಾಡಿದ ಮದ್ಯ ಕೊಟ್ಟು ಅವರ ಮೈ ಮನಸ್ಸಿನ ಮೇಲೆ ಎಷ್ಟು ಪರಿಣಾಮ ಆಗುತ್ತದೆ ಎಂದು ಬರೆದಿಟ್ಟುಕೊಂಡರು. ಆಮೇಲೆ ಸುಮಾರು ಹತ್ತು ವರ್ಷ ಬಿಟ್ಟು ಅವರನ್ನೇ ಮತ್ತೆ ಹುಡುಕಿದರು. ಅಪ್ಪನಿಗೆ ಕುಡಿತದ ಕಾಯಿಲೆ ಇದ್ದವರಲ್ಲಿ, ಅಂದು ಮದ್ಯದ ಪರಿಣಾಮ ಕಡಿಮೆ ಕಂಡಿದ್ದವರ ಪೈಕಿ ಶೇ. 56ರಷ್ಟು ಮಂದಿ ಅಷ್ಟರೊಳಗೆ ವ್ಯಸನಿಗಳಾಗಿದ್ದರು. ಬೇಗ ನಶೆ ಏರುತ್ತಿದ್ದವರಲ್ಲಿ ಅದು ಶೇ. 14 ಮಾತ್ರ. ಎರಡು ಗುಂಪಿನವರೂ ಕುಡಿತದ ಮನೆಯ ಮಕ್ಕಳೇ.

ಕಾರಣ ಕಷ್ಟದ್ದೇನಲ್ಲ. ಬೇರೆಯವರಿಗೆ ಎರಡನೇ ಗ್ಲಾಸಿಗೇ ಮೈ ಸಾಕು ಎಂದು ಹೇಳುತ್ತದೆ. ಇವರಿಗೆ ಆ ಸೂಚನೆ ಬರುವುದು ತಡ. ಅದೇ ಖುಷಿ ಸಿಗಬೇಕಾದರೆ ಜಾಸ್ತಿ ಕುಡಿಯಬೇಕು. ಜಾಸ್ತಿ ಕುಡಿಯುವವರ ಜೊತೆಗೇ ಸ್ನೇಹ ಬೆಳೆಯುತ್ತದೆ. ಅಲ್ಲಿ ಇವರು ಕುಡಿಯುವುದು ಜಾಸ್ತಿ ಎಂದು ಯಾರಿಗೂ ಅನ್ನಿಸುವುದಿಲ್ಲ. ಹೀಗೆ ಜೀನ್ ತನಗೆ ಬೇಕಾದ ಪರಿಸರವನ್ನು ತಾನೇ ಹುಡುಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಸಹವಾಸ ಕೆಡಿಸಿತು ಎಂದು ಕಾಣುತ್ತದೆ, ಆದರೆ ಆ ಸಹವಾಸವನ್ನು ಆರಿಸಿದ್ದರಲ್ಲಿ ಜೀನ್‌ನ ಕೈಯೂ ಇತ್ತು. ನಿಮ್ಮ ಮನೆಯಲ್ಲಿ ಕುಡಿತದ ಇತಿಹಾಸ ಇದ್ದು, ನಿಮಗೆ ಎಷ್ಟು ಕುಡಿದರೂ ಏನೂ ಆಗುವುದಿಲ್ಲ ಅನ್ನುವ ಹೆಮ್ಮೆ ಇದ್ದರೆ, ಅದು ಹೆಮ್ಮೆಪಡುವ ವಿಷಯವಲ್ಲ, ಎಚ್ಚರವಾಗಬೇಕಾದ ವಿಷಯ.

ಸ್ವಭಾವದ ಮೂಲಕ ಬರುವ ಅಪಾಯವೂ ಇದೆ. ಮುಂದಾಲೋಚನೆ ಇಲ್ಲದೆ ನುಗ್ಗುವುದು, ಹೊಸದರ ಹುಚ್ಚು, ಸಿಟ್ಟು ತಡೆಯಲಾಗದಿರುವುದು, ಅಥವಾ ಇದರ ವಿರುದ್ಧ ತುದಿಯಲ್ಲಿ ಸದಾ ಕಾಡುವ ಆತಂಕ, ಖಿನ್ನತೆ. ಇವುಗಳಲ್ಲೂ ವಂಶದ ಪಾಲು ಇದೆ. ಈ ಜೀನ್‌ಗಳಿಗೆ ಮದ್ಯದ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಅದೇ ಗುಣ ಒಬ್ಬನನ್ನು ಸಿಗರೇಟಿನ ಕಡೆ ಒಯ್ಯುತ್ತದೆ, ಇನ್ನೊಬ್ಬನನ್ನು ಬೆಟ್ಟ ಹತ್ತಲು ಕಳಿಸುತ್ತದೆ.

ಪರಿಸರ ಅಂದ ಕೂಡಲೇ ನಾವು ಸ್ನೇಹಿತರನ್ನು ಮಾತ್ರ ನೆನೆಸಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅದಕ್ಕಿಂತ ಭಾರವಾದದ್ದು ಬಾಲ್ಯ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸಾವಿರಾರು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿದ್ದರು. ಹೊಡೆತ ತಿಂದಿದ್ದಿರಾ, ಲೈಂಗಿಕ ದೌರ್ಜನ್ಯ ಆಗಿತ್ತಾ, ಅಮ್ಮನಿಗೆ ಹೊಡೆಯುವುದನ್ನು ನೋಡಿದ್ದಿರಾ, ಮನೆಯಲ್ಲಿ ಯಾರಿಗಾದರೂ ಕುಡಿತ ಅಥವಾ ಮಾನಸಿಕ ಕಾಯಿಲೆ ಇತ್ತಾ, ಹೀಗೆ. ಇಂಥ ನಾಲ್ಕು ಅಥವಾ ಜಾಸ್ತಿ ಬಗೆಯ ನೋವು ಉಂಡಿದ್ದವರಲ್ಲಿ ಕುಡಿತದ ಚಟ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನದ ಅಪಾಯ, ಏನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಕುಡಿತದ ಮನೆಯಲ್ಲಿ ಇಂಥವು ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಹುಟ್ಟಿದ ಮಗುವಿಗೆ ಜೀನ್‌ನ ಅಪಾಯವೂ ಬಂತು, ಆ ಅಪಾಯವನ್ನು ಎಬ್ಬಿಸುವ ಭಯವೂ ಬಂತು. ಜೀನ್ ಬದಲಿಸಲು ನಮ್ಮಿಂದ ಆಗುವುದಿಲ್ಲ. ಆದರೆ ರಾತ್ರಿ ಗಲಾಟೆಯಾದಾಗ ಆ ಮಗುವನ್ನು ತನ್ನ ಮನೆಗೆ ಕರೆದುಕೊಳ್ಳುವ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಅದರ ಪರಿಸರದ ಒಂದು ಭಾಗವನ್ನು ಖಂಡಿತ ಬದಲಿಸುತ್ತಾರೆ.

ಮೊದಲ ಗುಟುಕಿನ ವಯಸ್ಸೂ ಬಹಳ ಮುಖ್ಯ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15ಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಶೇ. 40ರಷ್ಟು ಮಂದಿ ಬದುಕಿನ ಯಾವುದೋ ಹಂತದಲ್ಲಿ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಸುಮಾರು ಶೇ. 10. ಬೇಗ ಶುರುಮಾಡುವವರಲ್ಲಿ ಮೊದಲೇ ಅಪಾಯದ ಸ್ವಭಾವ ಇರಬಹುದು, ಹಾಗಾಗಿ ಪೂರ್ತಿ ತಪ್ಪನ್ನು ವಯಸ್ಸಿನ ಮೇಲೆ ಹಾಕಲಾಗದು. ಆದರೆ ಮೆದುಳಿನ ಮುಂಭಾಗ, ಅಂದರೆ ಬೇಡ ಎಂದು ತಡೆಯುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನಲ್ಲಿ. ಅದಕ್ಕೆ ಮೊದಲೇ ಮದ್ಯ ಒಳಗೆ ಹೋದಷ್ಟೂ ಕಷ್ಟ.

ಇನ್ನು ಬೆಲೆ, ಅಂಗಡಿ, ಸಮಯ. 1985ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೋರ್ಬಚೇವ್ ಸರ್ಕಾರ ಮದ್ಯದ ತಯಾರಿಕೆ ಇಳಿಸಿ, ಬೆಲೆ ಏರಿಸಿ, ಮಾರುವ ಸಮಯ ಕಡಿತ ಮಾಡಿತು. ಕಳ್ಳಭಟ್ಟಿ ಹೆಚ್ಚಾಯಿತು, ಜನ ಸಿಟ್ಟಾದರು, ಬೊಕ್ಕಸಕ್ಕೆ ನಷ್ಟವಾಯಿತು, ಎಲ್ಲವೂ ನಿಜ. ಆದರೂ ಒಂದೆರಡು ವರ್ಷದಲ್ಲೇ ಅಲ್ಲಿನ ಗಂಡಸರ ಸರಾಸರಿ ಆಯಸ್ಸು ಸುಮಾರು ಮೂರು ವರ್ಷ ಏರಿತು. ಕ್ರಮ ಸಡಿಲವಾದ ಮೇಲೆ ಮತ್ತೆ ಇಳಿಯಿತು. ಜೀನ್‌ಗಳು ಹಾಗೇ ಇದ್ದವು.

ಕುಡಿತದ ಇತಿಹಾಸ ಇರುವ ಮನೆಯಲ್ಲಿ ಮಕ್ಕಳು ಹತ್ತು ಹನ್ನೆರಡಕ್ಕೆ ಬಂದಾಗ ಅವರಿಗೆ ಇದನ್ನು ಮುಚ್ಚಿಡದೆ ಹೇಳಬೇಕು. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಹೇಗೆ ಮಾತಾಡುತ್ತೇವೋ ಹಾಗೆ, ನಾಚಿಕೆ ಇಲ್ಲದೆ: ನಮ್ಮಲ್ಲಿ ಈ ಕಾಯಿಲೆ ಇದೆ, ನಿನಗೆ ಅಪಾಯ ಬೇರೆಯವರಿಗಿಂತ ಜಾಸ್ತಿ, ಮುಟ್ಟದೇ ಇದ್ದರೆ ಅದು ಬರುವುದೇ ಇಲ್ಲ. ಸಿಟ್ಟಿನಲ್ಲಿ "ನೀನೂ ನಿಮ್ಮಪ್ಪನ ಹಾಗೇ ಆಗೋದು" ಎಂದು ಮಾತ್ರ ಅನ್ನಬೇಡಿ. ಅದು ನಿಜವೂ ಅಲ್ಲ, ಮಗು ಅದನ್ನು ನಂಬಿಬಿಡುವ ಅಪಾಯವೂ ಇದೆ.

ಈಗಾಗಲೇ ಚಟ ಹತ್ತಿರುವವರ ವಿಷಯ ಬೇರೆ. ವರ್ಷಗಟ್ಟಲೆ ಕುಡಿದಾಗ ಮೆದುಳು ಮದ್ಯಕ್ಕೆ ತಕ್ಕಂತೆ ಬದಲಾಗಿರುತ್ತದೆ. ಆ ಹಂತದಲ್ಲಿ ಕುಡಿತವನ್ನು ನಡೆಸುವುದು ಆ ಬದಲಾವಣೆಯೂ ಹೌದು, ಶುರುವಾದದ್ದು ಜೀನ್‌ನಿಂದಲೋ ನೋವಿನಿಂದಲೋ ಅನ್ನುವುದು ಚಿಕಿತ್ಸೆಗೆ ಅಡ್ಡಿಯಾಗುವುದಿಲ್ಲ. ದಿನಾ ಜಾಸ್ತಿ ಕುಡಿಯುವವರು ಛಲದಿಂದ ಒಂದೇ ದಿನ ಪೂರ್ತಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ ಹಿಡಿದು ಪ್ರಾಣಕ್ಕೇ ಸಂಚಕಾರ ಬರಬಹುದು, ಆದ್ದರಿಂದ ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು. ಬಿಟ್ಟ ಮೇಲೆ ಕುಡಿಯಬೇಕೆಂಬ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ಆಪ್ತಸಮಾಲೋಚನೆ ಇದೆ, ಬಿಟ್ಟವರೇ ಸೇರಿ ನಡೆಸುವ ಗುಂಪುಗಳಿವೆ. ವೈದ್ಯರ ಹತ್ತಿರ ಹೋದಾಗ ಎರಡು ಸಂಗತಿ ತಪ್ಪದೆ ಹೇಳಿ: ದಿನಕ್ಕೆ ನಿಜವಾಗಿ ಎಷ್ಟು ಕುಡಿಯುತ್ತಾರೆ, ಮತ್ತು ಕೊನೆಯ ಸಲ ಕುಡಿದದ್ದು ಯಾವಾಗ.